ಚೆಂಡಿನ ಮಾಷ್ಟ್ರು

ಹೋದ ತಿಂಗಳು ಮೊಣಕಾಲು ಬಾತುಕೊಂಡು ನಾನು ಮಂಚ ಹಿಡಿದಿದ್ದಾಗ ಕೋಟದಿಂದ ನನ್ನ ತಂಗಿ ಬಂದಳು. ಬಂದವಳೇ ಒಳಗೆ ಹೋಗಿ ತೆಂಗಿನೆಣ್ಣೆ ಕಾಯಿಸಿ, ಅದಕ್ಕೆ ಕರ್ಪೂರ ಪುಡಿ ಮಾಡಿ ಹಾಕಿ, ಬಟ್ಟಲು ಹಿಡಿದುಕೊಂಡು ನನ್ನ ಕಾಲ ಬುಡದಲ್ಲಿ ಕೂತಳು. ಬಿಸಿ ಎಣ್ಣೆಯಲ್ಲಿ ಕರಗಿದ ಕರ್ಪೂರದ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕಾಲನ್ನು ಹಿಂದಕ್ಕೆ ಎಳೆದುಕೊಂಡೆ.

“ಸುಟ್ಟಿತಾ ಅಕ್ಕ?” ಎಂದಳು.

ಸುಟ್ಟಿರಲಿಲ್ಲ. ಅದೇ ಎಣ್ಣೆಯನ್ನು ಒಂದು ಅಗಲ ಬಾಯಿಯ ಬಾಟಲಿಯಲ್ಲಿ ತುಂಬಿಸಿಕೊಂಡು ದಿನಾ ಸಂಜೆ ನಮ್ಮ ಶಾಲೆಯ ಮೈದಾನಕ್ಕೆ ಬರುತ್ತಿದ್ದವರೊಬ್ಬರಿದ್ದರು. ಅವರ ಹೆಸರನ್ನು ಇಲ್ಲಿ ಬರೆಯುವ ಧೈರ್ಯ ನನಗಿಲ್ಲ. ಶಾಲೆಯಲ್ಲಿ ಮಕ್ಕಳು, ಟೀಚರುಗಳು, ಜವಾನ ಎಲ್ಲರೂ ಅವರನ್ನು ಚೆಂಡಿನ ಮಾಷ್ಟ್ರು ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ.

ನಾನಾಗ ಗುಲ್ವಾಡಿಯಿಂದ ಆಚೆಗೆ, ಹೊಳೆಬದಿಯ ಒಂದು ಹೈಸ್ಕೂಲಿನಲ್ಲಿ ಹಿಂದಿ ಟೀಚರ್. ಉಡುಪಿ ಬೇರೆ ಜಿಲ್ಲೆಯಾಗಿ ಒಂದೆರಡು ವರ್ಷ ಆಗಿತ್ತಷ್ಟೆ. ಒಂದು ಮಧ್ಯಾಹ್ನ ಊಟದ ಬೆಲ್ಲು ಹೊಡೆಯುವ ಹೊತ್ತಿಗೆ ಅಂಗಳಕ್ಕೆ ಒಂದು ರಿಕ್ಷಾ ಬಂದು ನಿಂತಿತು. ಓಡಿಸುತ್ತಿದ್ದವರೇ ಇಳಿದು ಹಿಂದಿನ ಸೀಟಿನಿಂದ ಬಲೆಯ ಚೀಲವೊಂದನ್ನು ಎತ್ತಿಕೊಂಡರು. ಅದರಲ್ಲಿ ನಾಲ್ಕು ಫುಟ್‌ಬಾಲು. ನಲವತ್ತರ ಆಸುಪಾಸಿನ ಗಟ್ಟಿ ಆಳು; ಆದರೆ ನಡೆಯುವಾಗ ಬಲಗಾಲು ಒಂದು ಕ್ಷಣ ತಡವಾಗಿ ಹಿಂದಿನಿಂದ ಬರುತ್ತಿತ್ತು.

ಹೆಡ್‌ಮಾಸ್ಟರರ ಕೋಣೆಯಲ್ಲಿ ನಾನು ರಜಾ ಅರ್ಜಿ ಹಿಡಿದು ನಿಂತಿದ್ದೆ. ಬಂದವರು ಕುರ್ಚಿಯಲ್ಲಿ ಕೂರಲಿಲ್ಲ.

“ಸಂಜಿಗೆ ಮಕ್ಳಿಗ್ ಆಟ ಹೇಳಿ ಕೊಡ್ತೆ ಸರ್,” ಎಂದರು. “ನಂಗ್ ಎಂತದೂ ಕೊಡುದ್ ಬ್ಯಾಡ. ಗ್ರೌಂಡ್ ಕೊಡಿ, ಸಾಕ್.”

ಖರ್ಚಿಲ್ಲದ ಕೆಲಸಕ್ಕೆ ಹೆಡ್‌ಮಾಸ್ಟರರು ಯಾಕೆ ಬೇಡ ಎನ್ನುತ್ತಾರೆ? ಆದರೆ ಹುಡುಗರು ಎರಡು ದಿನ ಬಂದು ಮೂರನೇ ದಿನ ಕ್ರಿಕೆಟ್ ಬ್ಯಾಟು ಹಿಡಿದು ಗದ್ದೆಗೆ ಹೋದರು. ನಾಲ್ಕನೇ ದಿನ ಮಾಷ್ಟ್ರು ಒಬ್ಬರೇ ಚೆಂಡನ್ನು ಗೋಡೆಗೆ ಒದೆಯುತ್ತಿದ್ದರು. ಬಾವಿಕಟ್ಟೆಯ ಹತ್ತಿರ ಏಳೆಂಟು ಹುಡುಗಿಯರು ನೋಡುತ್ತ ನಿಂತಿದ್ದರು. ಒಮ್ಮೆ ಚೆಂಡು ಅವರತ್ತ ಉರುಳಿತು. ಎಂಟನೇ ಕ್ಲಾಸಿನ ಸುಮಿತ್ರ ಲಂಗ ಎತ್ತಿ ಹಿಡಿದುಕೊಂಡು ಬರಿಗಾಲಲ್ಲಿ ಒದ್ದಳು. ಅದು ನೆಟ್ಟಗೆ ಮಾಷ್ಟ್ರ ಎದೆಗೆ ಹೋಯಿತು.

“ಹ್ವಾಯ್ ಹೆಣ್ಣೇ, ಇನ್ನೊಂದ್ಸಲ ಒದಿ ಕಾಂಬ,” ಎಂದರು ಅವರು.

ಹೀಗೆ ನಮ್ಮಲ್ಲಿ ಹುಡುಗಿಯರ ಫುಟ್‌ಬಾಲ್ ತಂಡ ಹುಟ್ಟಿತು. ಸುಮಿತ್ರ ಬಿಜೂರಿನವಳು, ಅಜ್ಜಿಮನೆಯಲ್ಲಿ ಉಳಿದು ಓದುತ್ತಿದ್ದಳು. ಹುಡುಗಿಯರು ಚಡ್ಡಿ ಹಾಕಿ ಓಡುವುದು ಹೇಗೆಂದು ನಾಲ್ಕು ಮನೆಯವರು ಗಲಾಟೆ ತೆಗೆದರು. ಮಾಷ್ಟ್ರ ಹೆಂಡತಿ ಎಲ್ಲರಿಗೂ ಕಣಕಾಲು ಮುಟ್ಟುವ ಪ್ಯಾಂಟು ಹೊಲಿದು ಕೊಟ್ಟರು. ಗಲಾಟೆ ಅಲ್ಲಿಗೆ ನಿಂತಿತು. ಹುಡುಗಿಯರ ತಂಡವೆಂದ ಮೇಲೆ ಜೊತೆಗೊಬ್ಬ ಟೀಚರ್ ಬೇಕೇ ಬೇಕು. ಹಿಂದಿಗೆ ಪೀರಿಯಡ್ ಕಡಿಮೆ ಎಂದು ಹೆಡ್‌ಮಾಸ್ಟರರು ನನ್ನನ್ನು ಮ್ಯಾನೇಜರ್ ಮಾಡಿದರು. ನನಗೆ ಗೋಲ್ ಯಾವ ಕಡೆಗೆ ಹೊಡೆಯಬೇಕೆಂದೂ ಸರಿಯಾಗಿ ಗೊತ್ತಿರಲಿಲ್ಲ.

ಮಾಷ್ಟ್ರ ಹಿಂದಿ ಮುಂಬಯಿಯ ರಸ್ತೆಯದು, ನನ್ನದು ಪುಸ್ತಕದ್ದು. “ನಿಮ್ಮ ಹಿಂದಿ ಕೇಂಡ್ರೆ ಬೊಂಬಾಯಂಗೆ ಟ್ಯಾಕ್ಸಿ ನಿಲ್ಲಿಸ್ತಿಲ್ಲೆ ಟೀಚರ್,” ಎಂದು ನನ್ನನ್ನು ನಗಿಸುತ್ತಿದ್ದರು. ತಮ್ಮ ಬಗ್ಗೆ ಮಾತ್ರ ಹೆಚ್ಚು ಹೇಳುತ್ತಿರಲಿಲ್ಲ. ಹೇಳಿದ್ದು ಒಂದೇ ಸಲ, ಬೈಂದೂರಿನಲ್ಲಿ ಮ್ಯಾಚು ಮುಗಿಸಿ ಬಸ್ಸಿನಲ್ಲಿ ಹಿಂತಿರುಗುವಾಗ. ಹುಡುಗಿಯರೆಲ್ಲ ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನಿದ್ದೆ ಹೋಗಿದ್ದರು.

ಹದಿಮೂರನೇ ವಯಸ್ಸಿಗೆ ಅವರು ಮುಂಬಯಿಗೆ ಹೋದದ್ದು ಮಾವನ ಹೋಟೆಲಿನಲ್ಲಿ ಟೇಬಲ್ ಒರೆಸಲಿಕ್ಕೆ. ಭಾನುವಾರ ಬಿಡುವಿದ್ದಾಗ ಮೈದಾನದಲ್ಲಿ ಬರಿಗಾಲಲ್ಲಿ ಆಡುತ್ತಿದ್ದ ಇವರನ್ನು ಒಂದು ಕಂಪನಿಯ ತಂಡದವರು ನೋಡಿ ಕರೆದುಕೊಂಡರು. ಕಾಗದದ ಮೇಲೆ ಕಂಪನಿಯ ನೌಕರ, ಕೆಲಸವೆಲ್ಲ ಮೈದಾನದಲ್ಲಿ. ನಡುವೆ ಗೋವಾದ ಕ್ಲಬ್ಬೊಂದು ಎರಡು ಸೀಸನ್ನಿಗೆ ಕರೆಸಿಕೊಂಡಿತು. ಬೀದಿಯಲ್ಲಿ ಜನ ಗುರುತು ಹಿಡಿದು ಮೀನು ಊಟಕ್ಕೆ ಕರೆಯುತ್ತಿದ್ದರಂತೆ. ಆಮೇಲೆ ಮತ್ತೆ ಕಂಪನಿಗೆ ಆಡುವಾಗ ಒಂದು ಫೈನಲ್ಲಿಗೆ ಮೊದಲು ಬಲಮೊಣಕಾಲು ನೋಯತೊಡಗಿತು.

“ಮ್ಯಾನೇಜರ್ ಬಂದ. ಏಕ್ ಹೀ ಮ್ಯಾಚ್ ಹೈ, ಸಹ್ ಲೋ, ಅಂದ. ಡಾಕ್ಟ್ರ್ ಒಂದ್ ಸೂಜಿ ಹಾಕಿದ್ರ್. ಟೀಚರ್, ಆ ದಿನ ನಂಗ್ ಕಾಲ್ ಇತ್ತ್ ಅಂಬುದೇ ಗೊತ್ತಾಯ್ಲಿಲ್ಲೆ. ಅಷ್ಟ್ ಹಗೂರ. ಗೆದ್ದ್ ಆಯ್ತ್, ಮಾಲಿ ಹಾಕಿದ್ರ್. ರೂಮಿಗ್ ಬಂದ್ ಕೂಕಂಡೆ, ಮತ್ತೆ ಏಳುಕಾಯ್ಲಿಲ್ಲೆ.”

ಮುಂದಿನ ವರ್ಷದ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಕಂಪನಿ ಅವರನ್ನು ಗೋಡೌನಿನ ಬಾಗಿಲಲ್ಲಿ ಕೂರಿಸಿ ಪೆಟ್ಟಿಗೆ ಎಣಿಸಲು ಹೇಳಿತು. ಜೊತೆಗೆ ಆಡಿದವರಲ್ಲಿ ಇಂಗ್ಲಿಷ್ ಬರುವ ಇಬ್ಬರು ಕೋರ್ಸು ಮಾಡಿ ಕೋಚ್ ಆದರು, ಒಬ್ಬ ರೆಫ್ರಿಯಾದ. ಇವರಿಗೆ ಆ ಪರೀಕ್ಷೆಯ ಪುಸ್ತಕವೇ ಓದಲು ಬರಲಿಲ್ಲ. ಕಂಪನಿ ತಂಡವನ್ನೇ ಮುಚ್ಚಿದ ಮೇಲೆ ಊರಿಗೆ ಬಂದರು. ಕುಂದಾಪುರದಲ್ಲಿ ಆಟದ ಸಾಮಾನಿನ ಅಂಗಡಿ ಇಟ್ಟರು. ಟೆನಿಸ್ ಚೆಂಡು ಬಿಟ್ಟು ಬೇರೇನೂ ಹೋಗಲಿಲ್ಲ. ಅದನ್ನು ಮುಚ್ಚಿ ರಿಕ್ಷಾ ತೆಗೆದುಕೊಂಡರು.

“ಇಪ್ಪತ್ತ್ ವರ್ಷ ಕಲ್ತದ್ ಅದೊಂದೇ,” ಎಂದರು ಕಿಟಕಿಯಾಚೆ ನೋಡುತ್ತ. “ಮೂವತ್ತೆರಡಕ್ಕೆ ಅದ್ ಮುಗೀತ್. ಉಳ್ದ ಆಯುಷ್ಯ ಇಟ್ಕಂಡ್ ಎಂತ ಮಾಡುದ್ ಅಂದೇಳಿ ಯಾರೂ ಹೇಳಿ ಕೊಡ್ತಿಲ್ಲೆ.”

ಅದಕ್ಕೇ ಅವರಿಗೊಂದು ಕಟ್ಟುನಿಟ್ಟಿತ್ತು. ಪ್ರತಿ ಮ್ಯಾಚಿಗೆ ಮೊದಲು ಹುಡುಗಿಯರನ್ನು ಸಾಲಾಗಿ ಕೂರಿಸಿ, ಕರ್ಪೂರದೆಣ್ಣೆ ಹಚ್ಚಿದ ಹೆಬ್ಬೆರಳಿನಿಂದ ಒಬ್ಬೊಬ್ಬರ ಮೊಣಕಾಲು, ಕಣಕಾಲಿನ ಗಂಟು ಒತ್ತಿ ನೋಡುತ್ತಿದ್ದರು. “ನೋವ್ ಇತ್ತಾ? ಸುಳ್ಳ್ ಹೇಳುಕಾಗ.” ಇದೆ ಎಂದವಳು ಆ ದಿನ ಹೊರಗೆ. ಎಷ್ಟು ಅತ್ತರೂ ಹೊರಗೆ. ಒಮ್ಮೆ ಗೋಲ್ ಕಾಯುವ ಹುಡುಗಿಯನ್ನೇ ಕೂರಿಸಿ, ನಾವು ಐದು ಗೋಲಿನಿಂದ ಸೋತು ಬಂದೆವು. ಹೆಡ್‌ಮಾಸ್ಟರರು ಬೈದರು. ಮಾಷ್ಟ್ರು ನಕ್ಕರು.

ಮೂರನೇ ವರ್ಷ, ಸುಮಿತ್ರ ಹತ್ತನೇ ಕ್ಲಾಸಿನಲ್ಲಿದ್ದಾಗ, ನಾವು ಜಿಲ್ಲೆಯ ಫೈನಲ್ಲಿಗೆ ಬಂದೆವು. ಜಿಲ್ಲೆಯಲ್ಲಿ ಹುಡುಗಿಯರ ತಂಡಗಳೇ ನಾಲ್ಕೈದಿದ್ದವು ಎನ್ನುವುದು ಬೇರೆ ಮಾತು. ಮ್ಯಾಚು ಬ್ರಹ್ಮಾವರದಲ್ಲಿ. ಗೆದ್ದರೆ ಮುಂದಿನ ಹಂತಕ್ಕೆ ಮೈಸೂರು. ನಮ್ಮ ಶಾಲೆಯಿಂದ ಯಾವ ಆಟಕ್ಕೂ ಯಾರೂ ಅಲ್ಲಿಯವರೆಗೆ ಹೋದವರಿರಲಿಲ್ಲ. ನಾನೂ ಹೋಗಿರಲಿಲ್ಲ. ನಿಜ ಹೇಳುತ್ತೇನೆ, ಅಷ್ಟರಲ್ಲಿ ನನಗೆ ಮಕ್ಕಳಿಗಿಂತ ಹೆಚ್ಚು ಆಸೆ ಹುಟ್ಟಿತ್ತು. ಕಪ್ ಹಿಡಿದ ತಂಡದ ಪಕ್ಕದಲ್ಲಿ ನಾನು ನಿಂತ ಫೋಟೋ, ಪೇಪರಿನಲ್ಲಿ ಮ್ಯಾನೇಜರ್ ಎಂದು ನನ್ನ ಹೆಸರು... ಯಾವ ಸೀರೆ ಉಡುವುದೆಂದೂ ಯೋಚಿಸಿಟ್ಟಿದ್ದೆ.

ಮ್ಯಾಚಿನ ಬೆಳಿಗ್ಗೆ ಬಸ್ಸು ಬರುವ ಮೊದಲು ಸುಮಿತ್ರ ಸ್ಟಾಫ್‌ರೂಮಿಗೆ ಬಂದಳು. ಒಳಗೆ ನಾನೊಬ್ಬಳೇ. ಪ್ಯಾಂಟು ಮೇಲೆತ್ತಿ ಎಡಮೊಣಕಾಲು ತೋರಿಸಿದಳು. ಒಂದು ಬದಿ ಸಣ್ಣಗೆ ಬಾತಿತ್ತು.

“ಮೊನ್ನೆ ಕೆರೆ ಮೆಟ್ಲಂಗೆ ಜಾರಿದ್ದೆ ಟೀಚರ್. ಓಡುಕಾತ್ತ್. ತಿರ್ಗುವಾಗ ಮಾತ್ರ ನೋವ್. ಮಾಷ್ಟ್ರಿಗೆ ಹೇಳ್ಕಾ?”

ಹೇಳಬೇಕಾ ಎಂದು ಕೇಳಿದ್ದಳು. ಹದಿನೈದರ ಹುಡುಗಿ ನಂಬಿ ಕೇಳಿದ್ದಳು. ನಾನು ಎದ್ದು ಬಾಗಿಲು ಮುಂದೆ ಮಾಡಿದೆ. ವ್ಯಾನಿಟಿ ಬ್ಯಾಗಿನಲ್ಲಿ ನನ್ನ ಸೊಂಟನೋವಿನ ಮಾತ್ರೆ ಇತ್ತು. ಒಂದನ್ನು ಕೊಟ್ಟು ನೀರಿನ ಬಾಟಲಿ ಕೈಗಿಟ್ಟೆ. “ಒಂದೇ ಮ್ಯಾಚ್ ಅಲ್ದಾ, ಸಹಿಸ್ಕೋ,” ಎಂದೆ. ಬಸ್ಸಿನಲ್ಲಿ ಕೇಳಿದ್ದ ಮಾತನ್ನೇ ನಾನು ಕನ್ನಡದಲ್ಲಿ ಹೇಳಿದೆನೆಂದು ಆ ಹೊತ್ತಿಗೆ ಹೊಳೆಯಲೂ ಇಲ್ಲ.

ಬ್ರಹ್ಮಾವರದ ಮೈದಾನದ ಬದಿಯಲ್ಲಿ ಮಾಷ್ಟ್ರು ಎಂದಿನಂತೆ ಹುಡುಗಿಯರನ್ನು ಕೂರಿಸಿದರು. ಸುಮಿತ್ರಳ ಮೊಣಕಾಲಿನ ಮೇಲೆ ಹೆಬ್ಬೆರಳಿಟ್ಟವರು ಅಲ್ಲೇ ನಿಂತರು. ಇನ್ನೊಮ್ಮೆ ಒತ್ತಿದರು.

“ನೋವ್ ಇತ್ತಾ?”

“ಇಲ್ಲೆ ಮಾಷ್ಟ್ರೇ.”

ಅವರು ತಲೆಯೆತ್ತಿ ನನ್ನ ಕಡೆ ನೋಡಿದರು. “ಟೀಚರ್, ಇವ್ಳ್ ನಿಮ್ಮತ್ರ ಎಂತಾರೂ ಹೇಳಿದ್ಳಾ?”

“ಇಲ್ಲ,” ಎಂದೆ.

ಅಷ್ಟೇ. ಒಂದು ಶಬ್ದ. ಅವರು ತಲೆಯಾಡಿಸಿ ಮುಂದಿನ ಹುಡುಗಿಯ ಹತ್ತಿರ ಸರಿದರು.

ಮೊದಲ ಅರ್ಧದಲ್ಲಿ ಸುಮಿತ್ರ ಗೋಲ್ ಹೊಡೆದಳು. ನಾನು ಚಪ್ಪಲಿ ಬಿಟ್ಟು ಕುಣಿದೆ. ಎರಡನೇ ಅರ್ಧದಲ್ಲಿ, ಅವಳ ಹತ್ತಿರ ಯಾರೂ ಇರಲಿಲ್ಲ, ಚೆಂಡು ಹಿಡಿದು ತಿರುಗಿದಳಷ್ಟೆ... ಬಿದ್ದಳು. ಆ ಕೂಗು ಮೈದಾನದ ಆಚೆ ರಸ್ತೆಯವರೆಗೂ ಕೇಳಿತು. ಮಾಷ್ಟ್ರು ಆ ಕಾಲಿನಲ್ಲೇ ಓಡಿದರು. ಅವರು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅವಳನ್ನು ಎತ್ತಿಕೊಂಡು ರಸ್ತೆಗೆ ಬಂದು ಯಾರದೋ ಕಾರು ನಿಲ್ಲಿಸಿದರು. ಮ್ಯಾಚು ನಾವೇ ಗೆದ್ದೆವಂತೆ. ಆಸ್ಪತ್ರೆಯಲ್ಲಿ ಕೂತಿದ್ದಾಗ ಯಾರೋ ಬಂದು ಹೇಳಿದರು. ಮೈಸೂರಿಗೆ ತಂಡ ಹೋಗಲೇ ಇಲ್ಲ.

ಮೊದಲೇ ಪೆಟ್ಟಾಗಿದ್ದ ಕಾಲು, ಒಳಗಿನ ಲಿಗಮೆಂಟು ಪೂರ್ತಿ ಹರಿದಿದೆ, ಇಂಥ ಕಾಲಿನಲ್ಲಿ ಆಡಲು ಬಿಟ್ಟವರು ಯಾರು ಎಂದು ಡಾಕ್ಟರು ಕೇಳಿದರು. ಬಿಜೂರಿನಿಂದ ಬಂದಿದ್ದ ಅವಳ ಅಪ್ಪ ಗದ್ದೆಯ ಕೆಸರು ಒಣಗಿದ್ದ ಕಾಲಿನಲ್ಲೇ ನಿಂತಿದ್ದರು. ಮಾಷ್ಟ್ರ ಕಡೆ ತಿರುಗಿದರು.

ನಾಲ್ಕು ದಿನ ಬಿಟ್ಟು ಶಾಲೆಯಲ್ಲಿ ಸಭೆಯಾಯಿತು. ಹೆಡ್‌ಮಾಸ್ಟರರು, ಕಮಿಟಿಯ ಮೂವರು, ಸುಮಿತ್ರಳ ಅಪ್ಪ, ಮಾಷ್ಟ್ರು. ನಡಾವಳಿ ಬರೆಯಲು ನಾನು.

“ತನ್ ಕಾಲ್ ಹಾಳ್ ಮಾಡ್ಕಂಡದ್ ಸಾಲ್ಲಿಲ್ಲೆ ಈ ಮನ್ಷಂಗೆ,” ಎಂದರು ಸುಮಿತ್ರಳ ಅಪ್ಪ. “ಕಪ್ ಬೇಕಿತ್ತ್. ಅದಕ್ ನನ್ ಮಗ್ಳ್ ಕಾಲ್ ಮುರ್ದ.”

ನೋವಿರುವುದು ಗೊತ್ತಿತ್ತೇ ಎಂದು ಹೆಡ್‌ಮಾಸ್ಟರರು ಮಾಷ್ಟ್ರನ್ನು ಕೇಳಿದರು.

“ಗೊತ್ತಾಗ್ಬೇಕಿತ್ತ್,” ಎಂದರು ಮಾಷ್ಟ್ರು. “ನಾನ್ ಕೈಯಂಗೆ ಒತ್ತಿ ಕಂಡಿದ್ದೆ. ಗೊತ್ತಾಯ್ಲಿಲ್ಲೆ. ತಪ್ಪ್ ನಂದೇ.”

ಟೀಚರ್ ಇಲ್ಲ ಎಂದಿದ್ದರು ಎಂದು ಅವರು ಹೇಳಬಹುದಿತ್ತು. ಹೇಳಲಿಲ್ಲ. ಬಹುಶಃ ಆ ಒಂದು ಶಬ್ದ ಸುಳ್ಳಿರಬಹುದೆಂದು ಅವರಿಗೆ ತೋಚಿರಲೇ ಇಲ್ಲ. ನಾನು ತಲೆ ತಗ್ಗಿಸಿ ಬರೆದೆ. ತರಬೇತುದಾರರು ತಮ್ಮ ನಿರ್ಲಕ್ಷ್ಯವನ್ನು ಒಪ್ಪಿಕೊಂಡಿರುತ್ತಾರೆ. ನಿರ್ಲಕ್ಷ್ಯ ಎಂಬ ಶಬ್ದ ಯಾರ ಬಾಯಿಂದಲೂ ಬಂದಿರಲಿಲ್ಲ. ಅದು ನನ್ನದು. ಕೆಲಸ ಆಗಿನ್ನೂ ಕಾಯಂ ಆಗಿಲ್ಲ, ಮನೆಯಲ್ಲಿ ತಂಗಿಯ ಓದಿದೆ ಎಂದು ಮನಸ್ಸಿಗೆ ಎಷ್ಟೋ ಸಬೂಬು ಹೇಳಿಕೊಂಡೆ. ಅವೆಲ್ಲ ಇದ್ದದ್ದೇ. ಆದರೆ ಬಾಯಿ ಕಟ್ಟಿದ್ದು ಅದಲ್ಲ. ಆ ಆರು ಮಂದಿಯ ಕಣ್ಣು ಒಟ್ಟಿಗೆ ನನ್ನ ಕಡೆ ತಿರುಗುವುದನ್ನು ನೆನೆದೇ ನಾನು ಹೆದರಿದ್ದೆ.

ಮರುದಿನ ಮಾಷ್ಟ್ರು ಚೆಂಡಿನ ಚೀಲ, ಗಾಳಿ ಹಾಕುವ ಪಂಪು, ಸೀಟಿ ತಂದು ಸ್ಟಾಫ್‌ರೂಮಿನ ಮೂಲೆಯಲ್ಲಿಟ್ಟರು. “ಬತ್ತೆ ಟೀಚರ್,” ಎಂದರು. ನಾನು ಉತ್ತರಪತ್ರಿಕೆಯಿಂದ ತಲೆಯೆತ್ತಲಿಲ್ಲ.

ಸುಮಿತ್ರಳನ್ನು ನೋಡಲು ಆಸ್ಪತ್ರೆಗೆ ಹೋದಾಗ ಅವಳು ನನ್ನನ್ನು ಹತ್ತಿರ ಕರೆದು ಕಿವಿಯಲ್ಲಿ ಹೇಳಿದಳು: “ಮಾತ್ರಿ ವಿಷ್ಯ ನಾನ್ ಯಾರತ್ರೂ ಹೇಳ್ಲಿಲ್ಲೆ ಟೀಚರ್.” ನನ್ನನ್ನು ಕಾಪಾಡಿದೆನೆಂದು ಅವಳ ಮುಖದಲ್ಲಿ ಸಮಾಧಾನವಿತ್ತು. ನಾನು ಅವಳ ತಲೆ ಸವರಿ ಕಿತ್ತಳೆ ಸುಲಿದು ಕೊಟ್ಟು ಬಂದೆ. ಅವಳೀಗ ಬೈಂದೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ತುಳಿಯಲು ಆಗುವುದಿಲ್ಲವೆಂದು ಮಿಷನ್ನಿಗೆ ಮೋಟಾರು ಹಾಕಿಸಿದ್ದಾಳೆ.

ಹತ್ತು ವರ್ಷ ಹಾಗೇ ಹೋಯಿತು. ನನಗೆ ಬೇರೆ ಶಾಲೆಗೆ ವರ್ಗವಾಯಿತು. ಮಾಷ್ಟ್ರು ರಿಕ್ಷಾ ಮಾರಿ ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವಲ್ಲಿ ಸಾಮಾನು ಕೊಡುವ ಕೆಲಸಕ್ಕೆ ಸೇರಿದ್ದಾರೆಂದು ಕೇಳಿದ್ದೆ. ಒಮ್ಮೆ ಆ ಕಡೆ ನೆಂಟರ ಮನೆಗೆ ಹೋದವಳು, ಊಟ ಮುಗಿಸಿ, ಯಾರಿಗೂ ಹೇಳದೆ ನಡೆದುಕೊಂಡು ಅಲ್ಲಿಗೆ ಹೋದೆ. ಅರ್ಧ ಕಟ್ಟಿದ ದೋಣಿಯ ನೆರಳಿನಲ್ಲಿ ಒಂದು ತಗಡಿನ ಕೋಣೆ. ಒಳಗೆ ಮೊಳೆಗಳ ಡಬ್ಬಗಳ ನಡುವೆ ಅವರು ಕೂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು.

“ಬನಿ, ಕೂಕಣಿ ಟೀಚರ್,” ಎಂದು ತಮ್ಮ ಸ್ಟೂಲನ್ನೇ ಸರಿಸಿದರು.

ನಾನು ಕೂರಲಿಲ್ಲ. ನಿಂತಲ್ಲೇ ಎಲ್ಲ ಹೇಳಿದೆ. ಮಾತ್ರೆ, ಬಾಗಿಲು, ಇಲ್ಲ ಎಂದದ್ದು, ನಡಾವಳಿಯಲ್ಲಿ ಬರೆದ ಶಬ್ದ. ಹೊರಗೆ ಯಾರೋ ಹಲಗೆಗೆ ಉಳಿ ಹೊಡೆಯುತ್ತಿದ್ದರು. ಮಾಷ್ಟ್ರು ನನ್ನ ಮುಖ ನೋಡಲಿಲ್ಲ. ತಮ್ಮ ಬಲಗೈಯನ್ನು ತೊಡೆಯ ಮೇಲೆ ಮಗುಚಿಟ್ಟು ಅದನ್ನೇ ನೋಡುತ್ತಿದ್ದರು.

“ಹಂಗಾರೆ ನನ್ ಕೈಗ್ ಗೊತ್ತಾಯಿತ್ತ್,” ಎಂದರು. “ಆ ದಿನ ಬೆರಳಿಗ್ ಬಿಸಿ ಹತ್ತಿತ್ತ್ ಟೀಚರ್. ಅದ್ಕೇ ನಿಮ್ಮತ್ರ ಕೇಂಡದ್. ನೀವ್ ಇಲ್ಲ ಅಂದ್ರಿ. ನನ್ ಕೈಯೇ ಸುಳ್ಳ್ ಅಂದೇಳಿ ಆಯ್ತ್ ನಂಗೆ.” ಬೆರಳು ಮಡಚಿಕೊಂಡು ಹೇಳಿದರು: “ಮತ್ತೆ ಎರ್ಡ್ ಶಾಲಿಯವ್ರ್ ಕರಿದಿದ್ರ್. ಹೋಯ್ಲಿಲ್ಲೆ. ಮಕ್ಳ ಕಾಲ್ ಮುಟ್ಟುಕೆ ಹೆದ್ರಿಕಿ ಆತಿತ್ತ್.”

ಬೈಗುಳ ತಿನ್ನಲು ಸಿದ್ಧವಾಗಿ ಹೋಗಿದ್ದೆ. ಇದಕ್ಕೆ ಸಿದ್ಧವಾಗಿರಲಿಲ್ಲ. ನಾನು ಅವರ ಹೆಸರು ಕೆಡಿಸಿದ್ದೇನೆ ಎಂದಷ್ಟೇ ತಿಳಿದಿದ್ದೆ. ಮುಂಬಯಿ ಬಿಟ್ಟ ಮೇಲೆ ಅವರು ಹುಡುಕಿ ಹುಡುಕಿ ಕಟ್ಟಿಕೊಂಡಿದ್ದ ಎರಡನೇ ಬದುಕನ್ನೇ ಕಿತ್ತುಕೊಂಡಿದ್ದೆ. ತಪ್ಪಾಯಿತು ಎಂದೆ. ಅವರು ಪರವಾಗಿಲ್ಲ ಎನ್ನಲಿಲ್ಲ. ಹೊರಡುವಾಗ ಬಾಗಿಲವರೆಗೆ ಬಂದರು.

“ನಂಗ್ ಹೇಳಿದ್ ಆಯ್ತ್. ಬಿಜೂರಿನವ್ರಿಗೂ ಒಂದ್ಸಲ ಹೇಳ್ಕ್ ಟೀಚರ್. ಪ್ಯಾಟಿಯಂಗೆ ಕಂಡ್ರೆ ಅವ್ರ್ ಈಗ್ಲೂ ಮುಖ ತಿರ್ಗಿಸ್ತ್ರ್.”

ಹೇಳುತ್ತೇನೆ ಎಂದು ಮಾತು ಕೊಟ್ಟೆ. ಮಳೆಗಾಲ ಕಳೆಯಲಿ ಎಂದುಕೊಂಡೆ. ಆಮೇಲೆ ಪರೀಕ್ಷೆ. ಆಮೇಲೆ ಇಲೆಕ್ಷನ್ ಡ್ಯೂಟಿ. ಬೈಂದೂರು ಬಸ್ಸು ದಿನಾ ನನ್ನ ಮನೆಯೆದುರೇ ಹೋಗುತ್ತಿತ್ತು...

ಮಾಷ್ಟ್ರು ಹೋದ ಸುದ್ದಿ ನನಗೆ ತಲುಪಿದ್ದು ಮೂರನೇ ದಿನ. ಎದೆನೋವು ಎಂದು ಕೂತವರು ಏಳಲಿಲ್ಲವಂತೆ. ಗುಲ್ವಾಡಿಯ ಅವರ ಮನೆಗೆ ಹೋದೆ. ಅವರ ಹೆಂಡತಿ ಜಗಲಿಯಲ್ಲಿ ಕೂತಿದ್ದರು. ನನ್ನನ್ನು ಕಂಡು ಚಾಪೆ ಹಾಸಿದರು.

“ನೀವ್ ಬಂದ್ ಹೇಳಿ ಹೋದ್ ಮೇಲೆ ಅವ್ರ್ ಕುಂದಾಪ್ರಕ್ ಹೋಯಿ ಒಂದ್ ಹೊಸ ಚೆಂಡ್ ತಕಂಡ್ ಬಂದ್ರ್,” ಎಂದರು. “ರಜೆ ದಿನ ಹೊಳಿಬದಿ ಗದ್ದಿಯಂಗೆ ಮಕ್ಳಿಗ್ ಕಲ್ಸುಕೆ ಸುರು ಮಾಡಿದ್ರ್. ಏಳೆಂಟ್ ತಿಂಗ್ಳ್ ಆಯ್ತ್. ಭಾರೀ ಖುಷಿಯಂಗಿದ್ರ್.” ಆಮೇಲೆ, ಯಾವ ಕೋಪವೂ ಇಲ್ಲದೆ, ನೆರೆಮನೆಯವರಿಗೆ ಹೇಳುವ ಹಾಗೆ ಹೇಳಿದರು: “ನೀವ್ ಒಂಚೂರ್ ಮುಂಚೆ ಬಂದಿದ್ರೆ ಆತಿತ್ತ್.”

ಅದರ ಮರುವಾರ ನಾನು ಬಿಜೂರಿಗೆ ಹೋದೆ. ಸುಮಿತ್ರಳ ಅಪ್ಪ ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದರು. ಮಗಳ ಟೀಚರ್ ಎಂದು ಸಂತೋಷದಿಂದ ಎದ್ದು ಎಳನೀರು ಕೆತ್ತಿ ಕೊಟ್ಟರು. ಕುಡಿಯುವ ಮೊದಲೇ ಹೇಳಿಬಿಟ್ಟೆ. ಅವರು ಕೂಗಾಡುತ್ತಾರೆ, ಅಂಗಳದಿಂದ ಇಳಿ ಎನ್ನುತ್ತಾರೆ ಎಂದು ಕಾದೆ. ಹಾಗೆ ಅಂದಿದ್ದರೆ ಚೆನ್ನಾಗಿತ್ತು. ಅವರು ಮತ್ತೆ ಕಾಯಿ ರಾಶಿಯ ಹತ್ತಿರ ಕೂತರು. ಸುಲಿದ ಕಾಯಿಯನ್ನು ಸುಮ್ಮನೆ ಕೈಯಲ್ಲಿ ಹಿಡಿದುಕೊಂಡಿದ್ದರು.

“ಆಸ್ಪತ್ರೆಯಂಗೆ ನಾನ್ ಅವ್ರಿಗ್ ಕೈ ಮಾಡುಕ್ ಹೋಯಿದ್ದೆ ಟೀಚರ್,” ಎಂದರು. “ಅವ್ರ್ ತಡೀಲೇ ಇಲ್ಲೆ. ಹಾಂಗೇ ನಿಂತಿದ್ರ್... ಈಗ ನಾನ್ ಯಾರತ್ರ ಹೋಯಿ ಹೇಳುದ್?”

ಎಳನೀರನ್ನು ಹಾಗೇ ಜಗಲಿಯ ಮೇಲಿಟ್ಟು ಬಂದೆ.

ಇದೆಲ್ಲ ಆಗಿ ಐದಾರು ವರ್ಷವಾಯಿತು. ಹೆಡ್‌ಮಾಸ್ಟರರು ತೀರಿಕೊಂಡರು, ಕಮಿಟಿಯ ಮೂವರಲ್ಲಿ ಇಬ್ಬರು ಈಗಿಲ್ಲ. ಆ ದಿನ ಆ ಕೋಣೆಯಲ್ಲಿ ಕೂತಿದ್ದವರು ಊರಿನಲ್ಲಿ ಹೇಳಿದ ಮಾತೇ ಈಗಲೂ ಉಳಿದಿದೆ. ಹೋದ ವರ್ಷ ಒಂದು ಮದುವೆ ಮನೆಯಲ್ಲಿ ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದವರೊಬ್ಬರು, ಮಾಷ್ಟ್ರ ಮಾತು ಬಂದಾಗ, ಹುಡುಗಿಯ ಕಾಲು ಮುರಿದ ಆ ಕೋಚ್ ಅಲ್ದಾ, ಎಂದರು. ನಾನು ಅನ್ನ ಕಲಸುತ್ತ ಸುಮ್ಮನಿದ್ದೆ. ಮತ್ತೊಮ್ಮೆ ಸುಮ್ಮನಿದ್ದೆ.

ಆದ್ದರಿಂದ ಇದನ್ನು ಬರೆದಿದ್ದೇನೆ. ಹೆಸರು ಬರೆಯದಿದ್ದರೂ ನಮ್ಮ ಕಡೆಯವರಿಗೆ ಯಾರೆಂದು ಗೊತ್ತಾಗುತ್ತದೆ. ಆ ಹುಡುಗಿಯ ಕಾಲು ಹೋದದ್ದು ಅವರಿಂದಲ್ಲ, ನನ್ನಿಂದ. ಇದನ್ನು ಯಾರಿಗೆ ಓದಿ ಹೇಳಬೇಕಿತ್ತೋ ಅವರು ಮಾತ್ರ ಇಲ್ಲ.